ನನ್ನ ಗೇಣು, ಅವಳ ಗೇಣು

ನಾನು ವಾಹನ ವಿಮೆಯ ಆಫೀಸಿನಲ್ಲಿ ಕೆಲಸ ಮಾಡಿದವನು. ಯಾರ ಕಾರು ಯಾವ ಕಂಬಕ್ಕೆ ಹೇಗೆ ಉಜ್ಜಿತು ಎಂದು ಓದುವುದೇ ದಿನದ ಕಸುಬು. ‘ಇಷ್ಟು ದೊಡ್ಡ ಗೋಡೆ ಈ ಮಹಾಶಯನಿಗೆ ಕಾಣಲಿಲ್ಲವೇ?’ ಎಂದು ಎ.ಸಿ.ಯ ಕೆಳಗೆ ಕೂತು ಎಷ್ಟು ಸಲ ನಕ್ಕಿದ್ದೇನೋ ಲೆಕ್ಕವಿಲ್ಲ. ನಗುವವರ ಮನೆಯಲ್ಲೂ ಗೋಡೆಯಿರುತ್ತದೆ ಎಂಬುದು ಆಗ ಹೊಳೆದಿರಲಿಲ್ಲ. ಎರಡು ಸಾವಿರದ ಆರರ ಸುಮಾರಿಗೆ, ದೋಹಾದ ಅಲ್ ಗರಾಫಾದಲ್ಲಿ ನಾವು ಬಾಡಿಗೆಗಿದ್ದ ವಿಲ್ಲಾದ ಪಕ್ಕದ ಗೇಟು ಅದನ್ನು ನನಗೆ ಕಲಿಸಿತು.

ಕತಾರಿನ ವಿಲ್ಲಾಗಳಿಗೆ ಸಾಧಾರಣವಾಗಿ ಎರಡು ಗೇಟು. ಮುಂದಿನದು ಯಜಮಾನರ ಘನತೆಗೆ. ಪಕ್ಕದ್ದು ಗ್ಯಾಸ್ ಸಿಲಿಂಡರಿಗೆ, ಕೆಟ್ಟ ಫ್ರಿಜ್ಜಿಗೆ, ನಮ್ಮಂಥ ಬಾಡಿಗೆದಾರರಿಗೆ. ನಮ್ಮ ಮಾಲಿಕ ಅಬು ಖಾಲಿದ್ ವಿಲ್ಲಾದ ನಡುವೆ ಗೋಡೆಯೆಬ್ಬಿಸಿ ಒಂದನ್ನು ಎರಡು ಮಾಡಿದ್ದರು. ಮುಂದಿನ ಅರ್ಧದಲ್ಲಿ ಉಳ್ಳಾಲದ ಹಮೀದಾಕ, ಮುಶೈರಿಬ್ ಪೇಟೆಯಲ್ಲಿ ಬಟ್ಟೆ ಅಂಗಡಿಯವರು. ಹಿಂದಿನ ಅರ್ಧದಲ್ಲಿ ನಾವಿಬ್ಬರು. ಘನತೆಯ ಗೇಟು ಅವರಿಗೆ, ಸಿಲಿಂಡರಿನ ಗೇಟು ನಮಗೆ. ಸಣ್ಣದೊಂದು ಕಾರು ಉಸಿರು ಬಿಗಿಹಿಡಿದು ಒಳಗೆ ಬರಬಹುದಾದ, ಎರಡು ಬಾಗಿಲಿನ ಕಬ್ಬಿಣದ ಗೇಟು ಅದು.

ಇನ್ನು ನನ್ನ ಹೆಂಡತಿ ವಾಸಂತಿಯ ವಿಷಯ. ಅವಳು ಉಚ್ಚಿಲದ ಕಡಲ ಬದಿಯವಳು. ಹುಟ್ಟಿದಂದಿನಿಂದ ಮದುವೆಯ ತನಕ ಅಲೆಯ ಸದ್ದಿನಲ್ಲೇ ಮಲಗಿದವಳು. ನಾನೋ ಮೂಡಬಿದ್ರೆಯವನು, ಕಡಲೆಂದರೆ ನನಗೆ ಊಟದ ಬಟ್ಟಲಿಗೆ ಬರುವ ಬಂಗುಡೆ, ಅಷ್ಟೆ. ದೋಹಾಕ್ಕೆ ಬಂದ ಮೇಲೆ ಅವಳಿಗೆ ಅಲೆಯ ಬದಲು ಕಿಟಕಿ ಎ.ಸಿ.ಯ ಗುರ್ರೆನ್ನುವ ಸದ್ದು ಸಿಕ್ಕಿತು. ಮಗ್ಗುಲು ಬದಲಾಯಿಸುತ್ತಲೇ ವರ್ಷಗಳನ್ನು ಕಳೆದಳು. ದೂರಿದವಳಲ್ಲ. ಒಂದೇ ಒಂದು ಸಲ ಹೇಳಿದಳು: “ಒಂದು ರಾತ್ರಿ ಕಡಲಿನ ಹತ್ರ ಮಲಗ್ಬೇಕು ಮಾರಾಯ್ರೆ. ನಿದ್ರೆ ಅಂದ್ರೆ ಎಂತದು ಅಂತಲೇ ಮರ್ತು ಹೋಗಿದೆ ನಂಗೆ.”

ಮೂರು ಕಡೆ ಸಮುದ್ರವಿರುವ ದೇಶದಲ್ಲಿ ಇದೇನು ಮಹಾ ಆಸೆ ಎಂದು ನೀವು ಕೇಳಬಹುದು. ಚಳಿಗಾಲ ಬಂದರೆ ಸಾಕು, ಊರಿಗೆ ಊರೇ ಡೇರೆ ಹೊತ್ತು ಕಡಲ ಬದಿಗೆ ಹೋಗುತ್ತದಲ್ಲ! ಆದರೆ ನಮ್ಮಂಥವರ ಡೇರೆ ಗಂಡಸರ ಆಟ. ಬಟಾಬಯಲಿನಲ್ಲಿ ಹೆಂಗಸಿಗೆ ಮೊದಲು ಬೇಕಾಗುವುದು ಚಿಲಕವಿರುವ ಒಂದು ಬಾಗಿಲು, ಬಾಗಿಲ ಹಿಂದೆ ಒಂದು ಕಮೋಡು. ಅದಿಲ್ಲದೆ ಎಂಥ ಹುಣ್ಣಿಮೆಯೂ ಅವಳಿಗೆ ಬೇಡ.

ಹಾಗಿರುವಾಗ ನಮ್ಮ ಆಫೀಸಿನ ಸ್ಕಾಟ್ಲೆಂಡಿನ ಸಾಹೇಬನೊಬ್ಬ ಊರಿಗೆ ಹೊರಟ. ಅವನ ಬಳಿ ಹಳೆಯದೊಂದು ಕ್ಯಾರವಾನ್ ಇತ್ತು. ಎರಡು ಚಕ್ರದ ಮೇಲೆ ನಿಂತ ಪುಟ್ಟ ಮನೆ. ಕಾರಿನ ಹಿಂದೆ ಕಟ್ಟಿ ಎಳೆಯಬೇಕು. ಒಳಗೆ ಮಂಚ, ಒಲೆ, ಮತ್ತು ಚಿಲಕವಿದ್ದ ಆ ಬಾಗಿಲು! ಬಾಗಿಲು ತೆರೆದು ನೋಡಿದವನೇ ನಾನು ತೀರ್ಮಾನಿಸಿಬಿಟ್ಟೆ. ಅಗಲ ಎಷ್ಟಿರಬಹುದು ಎಂಬ ವಿವೇಕವೂ ಮೂಡಿತು ಎಂಬುದನ್ನು ದಯವಿಟ್ಟು ಗಮನಿಸಬೇಕು. ಟೇಪು ಕಾರಿನ ಡಿಕ್ಕಿಯಲ್ಲಿತ್ತು. ಕೈ ಇನ್ನೂ ಹತ್ತಿರವಿತ್ತು. ಗೇಣು ಹಾಕಿದೆ: ಹತ್ತು. ಕೂಡಲೇ ಮನೆಗೆ ಫೋನು ಮಾಡಿ, “ಆ ಗೇಟು ಎಷ್ಟು ಗೇಣು ಉಂಟು ನೋಡು” ಎಂದೆ. ವಾಸಂತಿ ಅಳೆದು, “ಹತ್ತೂವರೆ ಧಾರಾಳ ಉಂಟು” ಎಂದಳು. ಅರ್ಧ ಗೇಣು ಉಳಿಯಿತಲ್ಲ ಎಂದು ನಾನು ಸಾಹೇಬನ ಕೈ ಕುಲುಕಿದೆ.

ಗೇಣು, ಮೊಳ, ಮಾರು ಎಂಬ ನಮ್ಮ ಹಿರಿಯರ ಅಳತೆಗಳು ಬಹಳ ಉದಾರವಾದವು. ಅಳೆಯುವವರ ಮರ್ಯಾದೆಯನ್ನು ಮೊದಲು ಕಾಯುತ್ತವೆ. ಯಾರೇ ಆಗಲಿ, ಅವರ ಎತ್ತರ ಅವರವರ ಕೈಯಲ್ಲಿ ಎಂಟು ಗೇಣು ಎನ್ನುತ್ತಾರೆ. ಕುಳ್ಳನಿಗೂ ಎಂಟು, ಉದ್ದದವನಿಗೂ ಎಂಟು. ಮಲ್ಲಿಗೆ ಮಾರುವವರಲ್ಲಿ ಮೊಳಕೈ ಗಿಡ್ಡ ಇರುವವರೇ ಹೆಚ್ಚು ಎಂಬುದು ನನ್ನ ಬಹುಕಾಲದ ಅನುಮಾನ. ಹೂವಿನಲ್ಲಿ ನಾಲ್ಕು ಮೊಗ್ಗು ಕಡಿಮೆಯಾದರೆ ಜಡೆಗೇನೂ ನಷ್ಟವಿಲ್ಲ. ಆದರೆ ಕಬ್ಬಿಣ, ಕಾಂಕ್ರೀಟುಗಳಿಗೆ ಇಂಥ ದಾಕ್ಷಿಣ್ಯ ಇರುವುದಿಲ್ಲ.

ಕ್ಯಾರವಾನ್ ನಮ್ಮ ಗೇಟಿನೆದುರು ಬಂದು ನಿಂತಿತು. ವಾಸಂತಿ ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಚಕ್ರಗಳ ಕೆಳಗೆ ಲಿಂಬೆಹಣ್ಣು ಇಟ್ಟಳು. ಲಿಂಬೆ ಸರಿಯಾಗಿಯೇ ಅಪ್ಪಚ್ಚಿಯಾಯಿತು. ಅನಂತರ ಕ್ಯಾರವಾನಿನ ಎರಡೂ ಮೂಲೆಗಳು ಗೇಟಿನ ಎರಡೂ ಕಂಬಗಳಿಗೆ ಒಟ್ಟಿಗೇ ಮುತ್ತಿಟ್ಟವು. ನಾನು ಇಳಿದು ಮತ್ತೆ ಗೇಣು ಹಾಕಿದೆ. ಗೇಟು ನನ್ನ ಕೈಯಲ್ಲಿ ಒಂಬತ್ತು ಚಿಲ್ಲರೆ! ವಾಸಂತಿ ತನ್ನ ಅಂಗೈಯನ್ನು ನನ್ನ ಅಂಗೈಗೆ ಒತ್ತಿ ಹಿಡಿದು ನೋಡಿದಳು. ಅವಳ ಬೆರಳ ತುದಿ ನನ್ನ ಬೆರಳಿನ ಕೊನೆಯ ಗೆಣ್ಣಿಗೇ ನಿಂತಿತ್ತು. ಇಷ್ಟು ವರ್ಷ ಕೈಹಿಡಿದು ಸಂಸಾರ ಮಾಡಿದವರಿಗೆ ಇದು ತಿಳಿದಿರಲಿಲ್ಲವೇ ಎಂದು ನೀವು ನಗುವ ಮೊದಲೇ ಹಮೀದಾಕ ಗೋಡೆಯ ಮೇಲಿಂದ ನಕ್ಕಾಗಿತ್ತು.

“ನಿಮ್ಮ ಕೈ ದೊಡ್ಡದು ಅಂತ ಫೋನಲ್ಲೇ ಹೇಳ್ಲಿಕ್ಕೆ ಎಂತ ಆಗಿತ್ತು?” ಎಂದಳು ವಾಸಂತಿ.

ಸಂಜೆಯೇ ಅಬು ಖಾಲಿದ್ ಫೋನು ಮಾಡಿದರು. ಬಾಡಿಗೆದಾರರ ಜೊತೆ ಅವರದು ಅರಬಿ, ಹಿಂದಿ, ಇಂಗ್ಲಿಷ್ ಬೆರೆತ ಚುಟುಕು ಭಾಷೆ. ಅದರ ಸಾರಾಂಶ: ರಸ್ತೆಯಲ್ಲಿ ಮಾಫಿ, ಎಂದರೆ ಕೂಡದು, ಒಳಗೆ ಓಕೆ, ಶುಕ್ರವಾರದ ತನಕ ಟೈಮು, ಖಲಾಸ್. ಅದು ಮೀರಿದರೆ ಕ್ರೇನಿನವರು ಎತ್ತಿಕೊಂಡು ಹೋಗುತ್ತಾರೆ. ಅಲ್ ಖೋರ್‌ನಲ್ಲಿ ಯಾರಿಗೋ ಕಾವಲುಗಾರನ ಕೋಣೆಗೆಂದು ಇಂಥದೊಂದು ಬೇಕಾಗಿತ್ತು. ಕೊಟ್ಟು ಕೈತೊಳೆದುಕೊಳ್ಳೋಣ ಎಂದೆ.

“ಕೊಡ್ಲಿಕ್ಕಿಲ್ಲ” ಎಂದಳು ವಾಸಂತಿ. “ಒಳಗೆ ಹೋಗ್ಲೇಬೇಕು.”

ಮೀನು ಹೆಚ್ಚುವಾಗಿನ ದನಿ ಅದು. ಆ ದನಿಯೆದುರು ನಾನು ವಾದಿಸಿದ ದಾಖಲೆ ಇಲ್ಲ.

ಶುಕ್ರವಾರ ಬೆಳಿಗ್ಗೆ ಕೆಲಸ ಶುರುವಾಯಿತು. ಒಳಕ್ಕೆ ತೆರೆದ ಗೇಟಿನ ಬಾಗಿಲುಗಳೇ ಎರಡೂ ಕಡೆ ನಾಲ್ಕು ನಾಲ್ಕು ಬೆರಳು ಜಾಗ ತಿನ್ನುತ್ತವೆ ಎಂದು ಕಂಡುಹಿಡಿದವಳು ವಾಸಂತಿ. ನಾನೂ ಹಮೀದಾಕನೂ ಅವನ್ನು ಎತ್ತಿ ಕಳಚಿ ಗೋಡೆಗೆ ಒರಗಿಸಿದೆವು. ಕ್ಯಾರವಾನಿನ ಹಿಡಿಕೆ, ಪಕ್ಕದ ದೀಪ, ಮಳೆನೀರಿನ ಪಟ್ಟಿಗಳ ಸ್ಕ್ರೂಗಳನ್ನು ವಾಸಂತಿ ಬಿಚ್ಚಿ ಸ್ಟೀಲಿನ ಡಬ್ಬದಲ್ಲಿ ತುಂಬಿದಳು. ಆಮೇಲೆ ನಾನು ಕಾರಿನಲ್ಲಿ ಕೂತು ಹಿಂದಕ್ಕೆ ತಳ್ಳಲು ನೋಡಿದೆ. ಹಿಂದೆ ಗಾಡಿ ಕಟ್ಟಿಕೊಂಡಾಗ ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಗಾಡಿ ಬಲಕ್ಕೆ ಹೋಗುತ್ತದೆ. ಈ ಜ್ಞಾನ ನನಗೆ ಎದುರುಮನೆಯ ಕಸದ ಡಬ್ಬ ಉರುಳಿದ ಮೇಲೆ ಬಂತು. ಹಮೀದಾಕ ಕರಾವಳಿಯ ಬಸ್ಸಿನ ಕಂಡಕ್ಟರರಂತೆ ಗೋಡೆ ಬಡಿಯುತ್ತಾ, “ಬರ್ಲಿ, ಬರ್ಲಿ... ಹೋಲ್ಡಾನ್! ಹೋಲ್ಡಾನ್ ಕೋಟ್ಯಾನ್ರೆ!” ಎಂದು ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ಕೊನೆಗೆ ಕಾರಿನ ಕೊಂಡಿ ಬಿಡಿಸಿ ಕೈಯಲ್ಲೇ ತಳ್ಳಿದೆವು. ಒಂದು ಬದಿ ನುಗ್ಗಿತು. ಇನ್ನೊಂದು ಬದಿ ಕಂಬಕ್ಕೆ ಹೊದಿಸಿದ ಅಮೃತಶಿಲೆಗೆ ತಗಲಿ ನಿಂತಿತು. ಎರಡೇ ಎರಡು ಬೆರಳು ಕಡಿಮೆ.

ಹಮೀದಾಕ ನಮಾಜಿಗೆ ಹೋದರು. ಹಿಂದಿರುಗುವಾಗ ಅವರ ಜೊತೆ ಅಬು ಖಾಲಿದರೂ ಬಂದರು. ಗೇಟಿಲ್ಲದ ಕಂಬ, ಕಂಬದ ನಡುವೆ ಸಿಕ್ಕಿಬಿದ್ದ ಮನೆ, ಮನೆಯ ಮುಂದೆ ಬೆವರು ಸುರಿಸುತ್ತಿದ್ದ ವಿಮಾತಜ್ಞ. ಎಲ್ಲವನ್ನೂ ನಿಧಾನವಾಗಿ ನೋಡಿ, “ಇದು ಯಾಕೆ ಬೇಕು ನಿನಗೆ?” ಎಂದರು. ನಾನು ಪಾರ್ಕಿಂಗ್, ಸುರಕ್ಷತೆ, ನೆರೆಹೊರೆ ಎಂದೆಲ್ಲ ಇಂಗ್ಲಿಷಿನಲ್ಲಿ ಆರಂಭಿಸಿದೆ. ವಾಸಂತಿ ನನ್ನನ್ನು ಸರಿಸಿ ಮುಂದೆ ಬಂದಳು. ಎರಡೂ ಅಂಗೈ ಜೋಡಿಸಿ ಕೆನ್ನೆಗಿಟ್ಟು ತಲೆ ವಾಲಿಸಿ, “ಬಹರ್” ಎಂದಳು. ಸಮುದ್ರ. ಅವಳಿಗೆ ಗೊತ್ತಿದ್ದ ಹತ್ತಾರು ಅರಬಿ ಶಬ್ದಗಳಲ್ಲಿ ಅದೊಂದು. ನನಗೆ ನಾಚಿಕೆಯಾಯಿತು.

ಅಬು ಖಾಲಿದ್ ನಗಲಿಲ್ಲ. ಅಮೃತಶಿಲೆಯನ್ನು ಬೆರಳಿನಿಂದ ತಟ್ಟಿ, “ಇದನ್ನು ಒಡಿ. ಆಮೇಲೆ ನೀನೇ ಸರಿಮಾಡಿಸಬೇಕು. ಯಲ್ಲಾ, ಶುರುಮಾಡು” ಎಂದರು.

ತಿಳಿದೂ ತಿಳಿದೂ ಮಾಡಿದ ಹಾನಿಗೆ ವಿಮೆಯಿಲ್ಲ ಎಂಬ ನಿಯಮ ನನ್ನ ತಲೆಯಲ್ಲಿ ಸುಳಿಯಿತು. ಅಷ್ಟರಲ್ಲಿ ವಾಸಂತಿ ಸುತ್ತಿಗೆ ಎತ್ತಿಯಾಗಿತ್ತು. ಮೊದಲ ಏಟಿಗೆ ಕಲ್ಲು ಬಿರುಕುಬಿಟ್ಟಿತು, ಆಮೇಲಿನದಕ್ಕೆ ಕಳಚಿ ಬಿತ್ತು. ನಾವು ಭುಜ ಕೊಟ್ಟೆವು. ಅಂಗಿಯ ತೋಳು ಮಡಚಿಕೊಂಡು ಅಬು ಖಾಲಿದರೂ ಬಂದು ಒಂದು ಕೈ ಹಚ್ಚಿದರು. ಕಬ್ಬಿಣ ಕಿರುಗುಟ್ಟಿತು, ಬಣ್ಣ ಕೆರೆದುಹೋಯಿತು, ಕ್ಯಾರವಾನ್ ಒಳಗೆ ಬಂತು! ಮುಂದೆಯೂ ಕ್ಯಾರವಾನ್ ಹೋಗಿಬರಬೇಕಲ್ಲ ಎಂದು ಆ ಕಂಬ ಶಿಲೆಯಿಲ್ಲದೆ ಬರೀ ಸಿಮೆಂಟಿನಲ್ಲೇ ಉಳಿಯಿತು. ಗೇಟನ್ನು ಹೊರಕ್ಕೆ ತೆರೆಯುವಂತೆ ಹಾಕಿಸಿದೆವು.

ಮರುವಾರ ಅಲ್ ಖೋರ್ ದಾಟಿ, ಜನವಿಲ್ಲದ ಒಂದು ಕಡಲ ಬದಿಗೆ ಹೋದೆವು. ನನ್ನ ಮನಸ್ಸಿನಲ್ಲಿ ಒಂದು ಅಳುಕು. ಇಲ್ಲಿನ ಕಡಲು ಉಚ್ಚಿಲದ ಕಡಲಲ್ಲ. ಹರಿವಾಣದಲ್ಲಿಟ್ಟ ನೀರಿನಂತೆ ಸುಮ್ಮನೆ ಇರುವಂಥದು. ಇಷ್ಟೆಲ್ಲ ಒಡೆದು, ಕಿತ್ತು, ತಳ್ಳಿ ಬಂದವಳಿಗೆ ಇದೂ ನಿದ್ರೆ ಕೊಡದಿದ್ದರೆ?

ಬೆಳಿಗ್ಗೆ ನಾನು ಮೊದಲು ಎದ್ದೆ. ನಮ್ಮ ಮನೆಯಲ್ಲಿ ಇದೇ ಒಂದು ಸುದ್ದಿ. ನನ್ನ ಬುತ್ತಿಗಾಗಿ ನಸುಕಿಗೇ ಏಳುವವಳು ಇನ್ನೂ ಎದ್ದಿರಲಿಲ್ಲ. ಚಹಾ ಮಾಡಿದೆ. ಬಿಸಿಲೇರಿತು, ಅವಳ ಪಾಲಿನ ಚಹಾ ತಣಿಯಿತು, ಎಬ್ಬಿಸಲು ಮನಸ್ಸಾಗಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತು ನೀರಿನ ಕಡೆಗೆ ಕಿವಿಗೊಟ್ಟು ಕೇಳಿದೆ. ಮೂಡಬಿದ್ರೆಯ ಕಿವಿಗೆ ಏನೂ ಕೇಳಿಸಲಿಲ್ಲ. ಒಳಗೆ ವಾಸಂತಿ ಬಾಯಿ ತೆರೆದು ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಅವಳಿಗೆ ಕೇಳಿಸಿರಬೇಕು.