ಕ್ಯಾಲೆಂಡರ್ ಹಿಂಬದಿಯ ಪಾಠ

ಕೃಷ್ಣಸ್ವಾಮಿ ಮೇಷ್ಟ್ರು ಎಂಬತ್ತೆರಡನೇ ಇಸವಿಯ ದೀಪಾವಳಿಗೆ ಮೊದಲೇ ಎದೆನೋವು ಬಂದು ಸತ್ತರು. ಪೀಣ್ಯದ ಶಾಲೆಯಲ್ಲಿ ಮೂರನೇ ಕ್ಲಾಸು ಅವರದು. ತಿಂಗಳು ಕಳೆಯುವಷ್ಟರಲ್ಲಿ ಊದುಬತ್ತಿ ಹೊಸೆಯುವ ಅಂಜಿನಮ್ಮ ಮಗಳನ್ನು ಎಳೆದುಕೊಂಡು ಬಂದು, ಅವರ ಹೆಂಡತಿ ಅನುಸೂಯಮ್ಮನ ಬಾಗಿಲಲ್ಲಿ ನಿಂತಳು.

"ಅಮ್ಮಾವ್ರೇ, ಒಸ ಮೇಷ್ಟ್ರು ಇವಳ ಎಸ್ರು ಒಡೆದಾಕ್ತೀನಿ ಅಂತವ್ರೆ. ಸ್ವಾಮಾರ ಓದಿಸಿ ನೋಡ್ತಾರಂತೆ."

ಮಗಳು ವೆಂಕಟಲಕ್ಷ್ಮಿಗೆ ಬೋರ್ಡು ಕಾಣುವುದಿಲ್ಲ. ಪುಸ್ತಕ ಮೂಗಿಗೆ ಒತ್ತಿಕೊಂಡರೂ ಕಾಣುವುದು ಇರುವೆ ಸಾಲೇ. ಕನ್ನಡಕಕ್ಕೆ ಬಗ್ಗುವ ಕಣ್ಣಲ್ಲ ಎಂದು ಆಸ್ಪತ್ರೆಯವರು ಕೈಬಿಟ್ಟಿದ್ದರು. ಮೇಷ್ಟ್ರು ಹಳೇ ಕ್ಯಾಲೆಂಡರಿನ ಹಿಂಬದಿಗೆ ಅಂಗೈಯಗಲ ಅಕ್ಷರ ಬರೆದು, ಅವಳೊಬ್ಬಳಿಗೇ ಬೇರೆ ಪಾಠ ಒಯ್ಯುತ್ತಿದ್ದರು. ಮಸಿ ಕಲಸಿ ಕೊಡುತ್ತಿದ್ದವಳು ಅನುಸೂಯಮ್ಮ.

"ನಾನು ಬರ್ಕೊಡ್ತೀನಿ, ಅಳಬೇಡ ಹೋಗು," ಎಂದಳು. ಅವಳೂ ಓದಿದ್ದು ಮೂರನೇ ಕ್ಲಾಸೇ. ನೋಡಿ ಬರೆಯಲು ಅಷ್ಟು ಸಾಕು ಎಂದುಕೊಂಡಳು.

ನಾಲ್ಕು ದಿನ ಕೂತು ಬರೆದಳು. ಒಂದು ಸಾಲೂ ಬಿಡಬಾರದೆಂದು ಇಡೀ ಪಾಠ ಒಂದೇ ಹಾಳೆಗೆ ಇಳಿಸಿದಳು. ಮೇಲೆ ಅಂಗೈಯಗಲವಿದ್ದ ಅಕ್ಷರ ಬುಡಕ್ಕೆ ಬರುವಷ್ಟರಲ್ಲಿ ಅವರೆಕಾಳಿನಷ್ಟಾಯಿತು. ತುಂಬಿದ ಹಾಳೆ ನೋಡಿ ಅವಳಿಗೆ ಸಮಾಧಾನವೇ ಆಯಿತು.

ಸೋಮವಾರ ತಾನೂ ಶಾಲೆಗೆ ಹೋದಳು. ಹೊಸ ಮೇಷ್ಟ್ರು ಗೋಪಾಲಕೃಷ್ಣ ಹಾಳೆ ಬಿಚ್ಚಿ ಹಿಡಿದರು. ಹುಡುಗಿ ಮೊದಲ ಸಾಲು ಓದಿದಳು. ಎರಡನೆಯದಕ್ಕೆ ತಡವರಿಸಿದಳು. ಆಮೇಲೆ ಕಾಗದಕ್ಕೆ ಮೂಗು ಹಚ್ಚಿ ಅಕ್ಷರ ಹುಡುಕಿದಳು.

"ಮೂಸ್ತಾಳೆ ನೋಡ್ರೋ!" ಹಿಂದಿನ ಸಾಲು ನಕ್ಕಿತು.

"ನೋಡಿಮ್ಮಾ, ಅರವತ್ತು ಮಕ್ಕಳಿದಾವೆ ನನಗೆ. ಒಬ್ಬೊಬ್ಬರಿಗೆ ಒಂದೊಂದು ಪಾಠ ಮಾಡಕ್ಕಾಗುತ್ತಾ?" ಹೊಸ ಮೇಷ್ಟ್ರಿಗೆ ಸಿಟ್ಟೇನೂ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದರು.

ಅನುಸೂಯಮ್ಮ ಮನೆಗೆ ಬಂದು ಗಂಡನ ಹಾಳೆಗಳನ್ನು ನೆಲದ ಮೇಲೆ ಹರಡಿದಳು. ಒಂದೊಂದರಲ್ಲೂ ಮೂರೇ ಪದ. ಪುಸ್ತಕದ ಇಡೀ ಪುಟದಲ್ಲಿ ಆ ಮಗುವಿಗೆ ಆವತ್ತು ಬೇಕಾದ ಮೂರನ್ನೇ ಆರಿಸಿದ್ದರು. ಮಿಕ್ಕದ್ದೆಲ್ಲ ಬಾಯಲ್ಲೇ ಹೇಳಿಕೊಟ್ಟಿರಬೇಕು. "ಹಾಳೆ ದಂಡ ಮಾಡ್ತೀರಿ" ಎಂದು ಎಷ್ಟು ಸಲ ಬೈದಿದ್ದಳೋ. ಯಾಕೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಯಾವ ಮೂರು ಎಂದು ತೋಚದೆ, ಕಣ್ಣಿಗೆ ಬಿದ್ದವನ್ನು ಬರೆದುಕೊಂಡು ಅಂಜಿನಮ್ಮನ ಮನೆಗೆ ಓಡಿದಳು. ವೆಂಕಟಲಕ್ಷ್ಮಿ ಮಣೆಯ ಮುಂದೆ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ಕೈ ಆಗಲೇ ಕಪ್ಪಾಗಿತ್ತು.

"ಇದುಕ್ಕೆ ಕಣ್ಣು ಬ್ಯಾಡ ಬುಡಿ ಅಮ್ಮಾವ್ರೇ," ಎಂದಳು ಅಂಜಿನಮ್ಮ.

ಅನುಸೂಯಮ್ಮ ಹಾಳೆ ಹಿಡಿದಳು. ಹುಡುಗಿ ಮುಖ ತಂದು ಮೂರನ್ನೂ ತಪ್ಪಿಲ್ಲದೆ ಓದಿದಳು.

"ಆಮ್ಯಾಕೆ? ಮೇಷ್ಟ್ರು ಆಮ್ಯಾಕಿಂದು ಬಾಯಲ್ಲೇ ಯೋಳ್ತಿದ್ರು."

ಆ ಮೂರು ಪದದ ಆಚೆಗೆ ಏನು ಹೇಳಬೇಕೋ ಅನುಸೂಯಮ್ಮನಿಗೆ ಗೊತ್ತಿರಲಿಲ್ಲ.