ಬೆಳಕಿಗೆ ಹಿಡಿದು ನೋಡುವವಳು

ಬೆಳಿಗ್ಗೆ ಎದ್ದವಳೇ ಗಾಜಕ್ಕ ನೀರು ಕುಡಿಯುವ ಗಾಜಿನ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದಳು. ಬುಡಕ್ಕೆ ಎರಡು ಬೆರಳು ಕೊಟ್ಟು ಒಂದು ಸುತ್ತು ತಿರುಗಿಸುವುದು, ಆ ಸುತ್ತು ಮುಗಿಯುವಷ್ಟರಲ್ಲಿ ಮನಸ್ಸಿನಲ್ಲೇ ಒಮ್ಮೆ ದೇವರ ಹೆಸರು. ಬಿರುಕಿಲ್ಲ ಎಂದು ಗೊತ್ತಾದ ಮೇಲೆ ನೀರು, ನೀರಾದ ಮೇಲೆ ಉಳಿದ ಲೋಕ. ಜ್ವರದಲ್ಲಿ ಮೈ ಕೆಂಡವಾಗಿದ್ದಾಗಲೂ, ತಾಯಿ ತೀರಿಕೊಂಡ ಮರುದಿನವೂ ಇದನ್ನು ತಪ್ಪಿಸಿದವಳಲ್ಲ.

ಗಾಜಕ್ಕ ಎಂಬುದು ಬಾಟಲಿ ಕಾರ್ಖಾನೆಯವರು ಇಟ್ಟ ಹೆಸರು. ಅಲ್ಲಿ ಇಪ್ಪತ್ತೆರಡು ವರ್ಷ ಅವಳ ಕೆಲಸವೆಂದರೆ ನೋಡುವುದು. ಎದುರಿಗೆ ಬಿಳಿ ಬೆಳಕಿನ ಪರದೆ, ಅದರ ಮುಂದೆ ಬೆಲ್ಟಿನ ಮೇಲೆ ಒಂದರ ಹಿಂದೆ ಒಂದು ಸಾಗುವ ಖಾಲಿ ಬಾಟಲಿಗಳು. ಇಪ್ಪತ್ತು ನಿಮಿಷ ನೋಡಬೇಕು, ಹತ್ತು ನಿಮಿಷ ಕಣ್ಣು ಮುಚ್ಚಿ ಕೂರಬೇಕು, ಮತ್ತೆ ಇಪ್ಪತ್ತು ನಿಮಿಷ. ಹೊಸಬರು ಬಂದರೆ ಅವಳು ಹೇಳಿಕೊಡುತ್ತಿದ್ದುದು ಇಷ್ಟೇ: "ಬಾಟಲಿ ನೋಡ್ಬೇಡ, ಅದರ ಹಿಂದಿನ ಬೆಳಕು ನೋಡು. ಬಿರುಕಿದ್ರೆ ಅದೇ ನಿನಗೆ ಕಣ್ಣು ಹೊಡೆಯುತ್ತೆ."

ಬಿರುಕು ಮಿನುಗಿದೊಡನೆ ಅವಳ ಬಲಗೈ ತಾನಾಗಿ ಏಳುತ್ತಿತ್ತು. ಬಾಟಲಿಯ ಕತ್ತು ಹಿಡಿದು ಸಾಲಿನಿಂದ ಎತ್ತಿ ಪಕ್ಕದ ತೊಟ್ಟಿಗೆ ಹಾಕುತ್ತಿತ್ತು. ತಾನು ಏನೋ ಎತ್ತಿದೆ ಎಂಬುದು ತಲೆಗೆ ತಿಳಿಯುತ್ತಿದ್ದದ್ದು ತೊಟ್ಟಿಯಲ್ಲಿ ಗಾಜು ಒಡೆದ ಸದ್ದು ಕೇಳಿದ ಮೇಲೆ.

ಎಲ್ಲರೂ ಪ್ಲಾಸ್ಟಿಕ್ ಬಾಟಲಿಯ ಕಡೆಗೆ ಹೋದರು, ಕಾರ್ಖಾನೆ ಮುಚ್ಚಿತು. ನಲವತ್ತೆಂಟನೆಯ ವಯಸ್ಸಿನಲ್ಲಿ ಗಾಜಕ್ಕ ಕೆಲಸ ಹುಡುಕಲು ಹೊರಟಳು. ಅವಳ ತಂಗಿ ಊರಿನ ಇನ್ನೊಂದು ತುದಿಯಲ್ಲಿದ್ದಳು. ತಂಗಿಯ ಅತ್ತೆ ಹಾಸಿಗೆ ಹಿಡಿದು ವರ್ಷವಾಗಿತ್ತು.

"ಅಕ್ಕಾ, ಮೂರು ತಿಂಗಳು ಹುಡುಕು. ಸಿಗ್ಲಿಲ್ವಾ, ಆ ರೂಮು ಖಾಲಿ ಮಾಡಿ ಇಲ್ಲಿಗೇ ಬಂದ್ಬಿಡು. ಅತ್ತೆ ಹತ್ರ ಯಾರಾದ್ರೂ ಇರ್ಬೇಕಲ್ಲ. ನೀನಾದ್ರೆ ಮನೆಯವಳು."

"ನಾನು ಎಲ್ಲಿ ಮಲಗ್ಲಿ?"

"ಅಡುಗೆಮನೆಗೂ ಬಚ್ಚಲಿಗೂ ನಡುವೆ ಜಾಗ ಇದೆಯಲ್ಲಾ. ನೀನೇನು ಆನೆನಾ?"

ತಂಗಿ ಕೆಟ್ಟವಳಲ್ಲ, ಸುಸ್ತಾಗಿದ್ದಳು. ಆದರೆ ಆ ನಡುವಿನ ಜಾಗಕ್ಕೆ ಕಿಟಕಿ ಇರಲಿಲ್ಲ. ಗಾಜಕ್ಕನಿಗೆ ಅದೊಂದೇ ಕಣ್ಣ ಮುಂದೆ ಬರುತ್ತಿತ್ತು: ಬೆಳಿಗ್ಗೆ ಎದ್ದು ಲೋಟ ಹಿಡಿಯಲು ಬೆಳಕಿಲ್ಲ. ಹಾಗೆ ಒಮ್ಮೆ ಹೋಗಿ ಕೂತರೆ ತಾನು ಮತ್ತೆ ಹೊರಗೆ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಮೊದಲ ಸಂದರ್ಶನ ಒಂದು ಶಾಲೆಯ ಕಚೇರಿಯಲ್ಲಿ. "ತಿಳಿಸ್ತೀವಿ" ಎಂದವರು ತಿಳಿಸಲಿಲ್ಲ. ಎರಡನೆಯದು ಬಟ್ಟೆಯ ಗೋದಾಮಿನಲ್ಲಿ. ಅಲ್ಲಿಯ ಮ್ಯಾನೇಜರ್ ದುಂಡು ಮೈಯ, ಮಾತಿಗೊಮ್ಮೆ ನಗುವ ಮನುಷ್ಯ. ಕಿಟಕಿಗೆ ಬೆನ್ನು ಹಾಕಿ ಕೂತಿದ್ದರು. "ಲೆಕ್ಕ ಬರುತ್ತಾ?" ಎಂದು ಅವರು ಕೇಳುತ್ತಿದ್ದಂತೆ ಗಾಜಕ್ಕನ ಬಲಗೈ ಎದ್ದು, ಮೇಜನ್ನು ದಾಟಿ, ನೇರ ಅವರ ಕತ್ತಿನ ಕಡೆಗೆ ಹೋಯಿತು. ಅವರು ಕುರ್ಚಿಸಮೇತ ಹಿಂದಕ್ಕೆ ಸರಿದರು.

"ಏನಮ್ಮಾ ಇದು?"

"ನೊಣ ಕೂತಿತ್ತು ಸಾರ್," ಎಂದಳು. ನೊಣ ಇರಲಿಲ್ಲ.

ಹನ್ನೆರಡು ದಿನ ಕಳೆದು ಅದೇ ಬೀದಿಯಲ್ಲಿ ಹೋಗುವಾಗ ಗೋದಾಮಿನ ಬಾಗಿಲು ಅರ್ಧ ಎಳೆದಿತ್ತು. ಕಾವಲಿನವನು ಹೊರಗೆ ಸ್ಟೂಲಿನ ಮೇಲೆ ಕೂತಿದ್ದ. "ಮ್ಯಾನೇಜರ್ ಹೋಗ್ಬಿಟ್ರಮ್ಮಾ. ಕೂತಲ್ಲೇ. ಫೋನಲ್ಲಿ ನಗ್ತಾ ಮಾತಾಡ್ತಿದ್ರಂತೆ, ನಗು ನಿಲ್ತಂತೆ, ಅಷ್ಟೇ."

ಗಾಜಕ್ಕ ಮನೆಗೆ ಬಂದು ಕೈಕಾಲು ತೊಳೆದಳು. ಗೋಡೆಯ ಮೇಲಿದ್ದ ಕನ್ನಡಿಯ ಮುಂದೆ ಹೋಗದೆ, ಬದಿಯಿಂದಲೇ ಕೈ ಚಾಚಿ ಅದನ್ನು ಮಗುಚಿ ಗೋಡೆಗೆ ಮುಖ ಮಾಡಿಟ್ಟಳು. ಬೇರೆಯವರನ್ನು ನೋಡಿ ಏಳುವ ಕೈ ತನ್ನನ್ನು ನೋಡಿ ಎದ್ದರೆ? ತನ್ನ ಬಿರುಕು ಹುಡುಕುವ ಕೆಲಸ ತನ್ನದಲ್ಲ, ತಾನೆಂಬ ಲೋಟ ಹಿಡಿದಿರುವ ಕೈ ಬೇರೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಅಂದಿನಿಂದ ತಲೆ ಬಾಚುವುದು ಕೈಯಂದಾಜಿನಲ್ಲಿ. ಬೈತಲೆ ದಿನಕ್ಕೊಂದು ದಿಕ್ಕಿಗೆ ಹೋಗುತ್ತಿತ್ತು.

ಮೇಡಂ ಹತ್ತಿರ ಕಳಿಸಿದ್ದು ಕಾರ್ಖಾನೆಯ ಪ್ಯಾಕಿಂಗಿನಲ್ಲಿದ್ದ ಗೆಳತಿ. ಆ ಗೆಳತಿಗೂ ಕೆಲಸದ ದಾರಿ ತೋರಿಸಿದ್ದು ಅವರೇ. ಮೇಡಂ ಮೂವತ್ತು ವರ್ಷ ಮೇಜಿನ ಆಚೆ ಬದಿಯಲ್ಲಿ ಕೂತು ಜನರನ್ನು ಕೆಲಸಕ್ಕೆ ತೆಗೆದುಕೊಂಡವರು. ನಿವೃತ್ತಿಯ ಮೇಲೆ ಕನ್ನಡಕದ ಅಂಗಡಿಯ ಮಹಡಿಯಲ್ಲಿ ಒಂದು ಕೋಣೆ ಹಿಡಿದು, ಕೆಲಸ ಹುಡುಕುವವರಿಗೆ ಕೋಚ್ ಆಗಿದ್ದರು.

"ಕೋಚಾ?" ತಂಗಿ ಫೋನಿನಲ್ಲೇ ನಕ್ಕಳು. "ಯಾಕೆ, ಓಟದಲ್ಲಿ ಓಡಿಸ್ತಾರಾ ನಿನ್ನ? ಕೆಲಸ ಕೊಡಿಸ್ತಾರಾ ಕೇಳಿದ್ಯಾ?"

ಗಾಜಕ್ಕ ಅದನ್ನೇ ಮೇಡಂಗೆ ಕೇಳಿದಳು.

"ಕೊಡಿಸಲ್ಲಮ್ಮಾ," ಎಂದರು ಮೇಡಂ. "ಅದು ನನ್ನ ಕೈಲಿಲ್ಲ. ಯಾಕೆ ಸಿಗ್ತಿಲ್ಲ ಅನ್ನೋದನ್ನ ಹೇಳ್ತೀನಿ. ಬೇಡ ಅಂದವರು ಯಾರೂ ಅದನ್ನ ಹೇಳಲ್ಲ, ನೋಡಿ. ಬುಧವಾರ ಹತ್ತು ಗಂಟೆಗೆ ಬನ್ನಿ. ಪ್ರತೀ ಬುಧವಾರ."

ಕೋಣೆಯಲ್ಲಿ ಮೇಜು, ಎರಡು ಕುರ್ಚಿ, ಮೂಲೆಯಲ್ಲಿ ಆಳೆತ್ತರದ ಕನ್ನಡಿ. ಬಂದವರು ಅದರ ಮುಂದೆ ನಿಂತು ಮಾತಾಡಿ ಅಭ್ಯಾಸ ಮಾಡುತ್ತಿದ್ದರು. ಗಾಜಕ್ಕ ಮೊದಲ ದಿನವೇ ಅದಕ್ಕೆ ಬೆನ್ನು ಹಾಕಿ ಕೂತಳು. ಮೇಡಂ ಗಮನಿಸಿದರು, ಕೇಳಲಿಲ್ಲ. ಆಮೇಲಿನ ವಾರಗಳಲ್ಲಿ ಅದರ ಮೇಲೆ ಒಂದು ಬಟ್ಟೆ ಇರುತ್ತಿತ್ತು.

ಗಾಜಕ್ಕನ ಅರ್ಜಿಯಲ್ಲಿ ಇದ್ದದ್ದು ಒಂದೇ ಸಾಲು: ಬಾಟಲಿ ಕಾರ್ಖಾನೆಯಲ್ಲಿ ಬಾಟಲಿ ನೋಡುತ್ತಿದ್ದೆ.

"ನಿಮಿಷಕ್ಕೆ ಎಷ್ಟು?"

"ನೂರಿಪ್ಪತ್ತು."

"ತಪ್ಪಿಸ್ಕೊಂಡು ಹೋಗಿದ್ದು?"

"ಕೊನೇ ಆರು ವರ್ಷದಲ್ಲಿ ಒಂದೂ ವಾಪಸ್ ಬರ್ಲಿಲ್ಲ."

"ಎಷ್ಟು ಜನಕ್ಕೆ ಹೇಳ್ಕೊಟ್ಟಿದ್ದೀರಿ?"

ಅದನ್ನು ಅವಳು ಎಣಿಸಿರಲಿಲ್ಲ. ಬೆರಳು ಮಡಚುತ್ತಾ ಹೋದರೆ ಮೂವತ್ತು ದಾಟಿತು. ಮೇಡಂ ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದರು. "ಇದನ್ನೆಲ್ಲಾ ಬಚ್ಚಿಟ್ಕೊಂಡು ಗೋದಾಮಲ್ಲಿ ಬಟ್ಟೆ ಎಣಿಸೋಕೆ ಹೋಗಿದ್ರಾ? ಕಣ್ಣು ಬೇಕಾದ ಕಡೆ ಹೋಗಿ ಕಣ್ಣಿದೆ ಅಂತ ಹೇಳಿ. ಔಷಧಿ ಸೀಸೆ ತುಂಬೋ ಕಂಪನಿ ಇದೆ. ಅವರಿಗೆ ಒಂದು ಬಿರುಕು ಅಂದ್ರೆ ಪ್ರಾಣ ಹೋದ ಹಾಗೆ."

ಎರಡನೆಯ ಬುಧವಾರ ಸಂದರ್ಶನದ ಅಭ್ಯಾಸ. ಐದು ನಿಮಿಷವಾಗಿರಲಿಲ್ಲ, ಮೇಡಂ ಕೈ ಎತ್ತಿ ನಿಲ್ಲಿಸಿದರು.

"ನೀವು ನನ್ನ ಮುಖ ನೋಡ್ತಾನೇ ಇಲ್ಲ. ಕಿವಿ ಪಕ್ಕದಿಂದ ಹಿಂದಿನ ಕಿಟಕಿ ನೋಡ್ತಿದ್ದೀರಿ. ಎದುರಿಗೆ ಕೂತವರಿಗೆ ಹೇಗಾಗುತ್ತೆ ಗೊತ್ತಾ? ತನ್ನ ಬೆನ್ನ ಹಿಂದೆ ಯಾರೋ ನಿಂತಿದ್ದಾರೆ ಅನ್ಸುತ್ತೆ. ನನಗೇ ಎರಡು ಸಲ ತಿರುಗಿ ನೋಡೋ ಹಾಗಾಯ್ತು."

ಗಾಜಕ್ಕ ಬೆಪ್ಪಾಗಿ ಕೂತಳು. ಇಪ್ಪತ್ತೆರಡು ವರ್ಷ ಹೇಳಿಕೊಟ್ಟ ಪಾಠವೇ ಅವಳನ್ನು ಮನೆಗೆ ಕಳಿಸುತ್ತಿತ್ತು. ತಂಗಿಗೂ ಇದು ಕಂಡಿರಲಿಲ್ಲ, ಕಂಡಿದ್ದರೂ ಹೇಳಿರಲಿಲ್ಲ. ಮೇಡಂ ಉಪಾಯ ಹೇಳಿಕೊಟ್ಟರು: ಎದುರಿನವರ ಹಿಂದೆ ಕಿಟಕಿ ಇದ್ದರೆ ಕುರ್ಚಿ ಸರಿಸಲು ಕೇಳುವುದು, ಅವರ ಹಿಂದೆ ಗೋಡೆ ಬರುವಂತೆ ಕೂರುವುದು, ಅವರ ಮೂಗಿನ ಮೇಲೆ ಕಣ್ಣು ನೆಡುವುದು. ಗೋಡೆಯ ಮುಂದೆ ಕೂತ ಮೇಡಂ ಬರೀ ಮೇಡಂ ಆಗಿದ್ದರು. ಗಾಜಕ್ಕನ ಕೈ ತೊಡೆಯ ಮೇಲೆ ಬೆಕ್ಕಿನಂತೆ ಮಲಗಿರುತ್ತಿತ್ತು. ಮನೆಯಲ್ಲಿ ಬಾಯಿಂದ ಹೊರಡದ ಮಾತು ಆ ಕೋಣೆಯಲ್ಲಿ ಹೊರಡುತ್ತಿತ್ತು. ಔಷಧಿ ಕಂಪನಿಯಿಂದ ಕರೆ ಬಂತು: ಮುಂದಿನ ಶುಕ್ರವಾರ ಬನ್ನಿ. ತಂಗಿ ಕೊಟ್ಟ ಮೂರು ತಿಂಗಳಲ್ಲಿ ಉಳಿದಿದ್ದದ್ದು ಒಂಬತ್ತು ದಿನ.

ಶುಕ್ರವಾರಕ್ಕೆ ಮುಂಚಿನ ಬುಧವಾರ ಮೇಡಂ ಕುರ್ಚಿಯನ್ನು ಮತ್ತೆ ಕಿಟಕಿಯ ಮುಂದೆ ಹಾಕಿಕೊಂಡರು. "ಎಲ್ಲರೂ ಸರಿಸೋಕೆ ಬಿಡಲ್ಲ. ಇವತ್ತು ಕಷ್ಟದ್ದು ಮಾಡೋಣ. ಬೆಳಕು ಬರ್ಲಿ, ನೀವು ನನ್ನ ಮುಖಾನೇ ನೋಡಿ."

ಮೋಡ ಸರಿದು ಬಿಸಿಲು ಬಂತು. ಮೇಡಂ ತಲೆ ಒಂದಿಷ್ಟು ತಿರುಗಿಸಿದರು. ಎಡಗಿವಿಯ ಕೆಳಗೆ, ಕತ್ತಿನಲ್ಲಿ, ಕೂದಲೆಳೆಯಂಥದ್ದೊಂದು ಮಿನುಗಿ ಆರಿತು. ಗಾಜಕ್ಕ ನೋಡುವ ಮೊದಲೇ ಅವಳ ಕೈ ಎದ್ದಿತ್ತು. ಎಡಗೈಯಿಂದ ಮಣಿಕಟ್ಟು ಹಿಡಿದು ಕೆಳಗೆಳೆದಳು. ಅದು ಮತ್ತೆ ಎದ್ದಿತು.

"ಏನಾಯ್ತು?"

"ಏನಿಲ್ಲ ಮೇಡಂ. ಜೋಮು." ಎಂದವಳೇ ಚೀಲ ಎತ್ತಿಕೊಂಡು ಮೆಟ್ಟಿಲಿಳಿದಳು.

ಹೇಳಿದರೆ ಮೇಡಂ ಏನೆಂದುಕೊಳ್ಳುತ್ತಾರೆ? ತಲೆ ಕೆಟ್ಟವಳು ಎಂದೇ. ಔಷಧಿ ಕಂಪನಿಯವರು ವಿಚಾರಿಸಲು ಫೋನ್ ಮಾಡುವುದು ಮೇಡಂಗೇ, ಅರ್ಜಿಯಲ್ಲಿ ಆ ನಂಬರೇ ಇದೆ. ಹೇಳದಿದ್ದರೆ ಶುಕ್ರವಾರ ಬರುತ್ತದೆ, ಕೆಲಸ ಬರಬಹುದು, ಆಮೇಲೆ ಎಂದೋ ಒಂದು ಬುಧವಾರ ಈ ಬಾಗಿಲೂ ಅರ್ಧ ಎಳೆದಿರುತ್ತದೆ. ಸಂಜೆಯೆಲ್ಲಾ ಅವಳು ಕಣ್ಣು ಮುಚ್ಚಿ ಕೂತಳು. ದೇವರಲ್ಲಿ ಕೆಲಸ ಕೇಳಬೇಕೆಂದು ಕೂತವಳಿಗೆ ಕೇಳಲು ಬಾಯಿ ಬರಲಿಲ್ಲ. ಗುರುವಾರ ಬೆಳಿಗ್ಗೆ ಲೋಟ ತಿರುಗಿಸಿದಾಗ ಅದು ಎಂದಿನಂತೆ ತಿಳಿಯಾಗಿತ್ತು. ತೊಟ್ಟಿಗೆ ಹಾಕಬೇಕಾದ್ದನ್ನು ಸಾಲಿನಲ್ಲಿ ಬಿಟ್ಟು ಅವಳು ಎಂದಾದರೂ ಪಾಳಿ ಮುಗಿಸಿ ಹೋಗಿದ್ದಳೇ?

ಬುಧವಾರವಲ್ಲದ ದಿನ ಬಂದವಳನ್ನು ಕಂಡು ಮೇಡಂ ಬಾಗಿಲು ಪೂರ್ತಿ ತೆರೆದರು. ಗಾಜಕ್ಕ ನಿಂತೇ ಹೇಳಿದಳು. ಗೋದಾಮು, ಇಲ್ಲದ ನೊಣ, ಹನ್ನೆರಡು ದಿನ, ನಿನ್ನೆಯ ಬಿಸಿಲು, ಎಲ್ಲ. ಮೇಡಂ ನಗಲಿಲ್ಲ.

"ಎಲ್ಲಿ?" ಎಂದರು.

ಗಾಜಕ್ಕ ತನ್ನ ಕತ್ತಿನ ಮೇಲೆ ತೋರಿಸಲು ಹೋಗಿ ಬೆರಳು ಹಿಂದೆ ತೆಗೆದಳು. "ನಿಮ್ಮ ಎಡಗಿವಿಯ ಕೆಳಗೆ."

ಮೇಡಂ ಅಲ್ಲಿ ಮುಟ್ಟಿ ನೋಡಿಕೊಂಡರು. ಕೆಳಗೆ ಕನ್ನಡಕದಂಗಡಿಯಲ್ಲಿ ಯಾರೋ ಅಕ್ಷರಗಳನ್ನು ಒಂದೊಂದಾಗಿ ಓದುತ್ತಿದ್ದದ್ದು ಕೇಳಿಸುತ್ತಿತ್ತು.

"ಮೂವತ್ತು ವರ್ಷದಲ್ಲಿ ಸುಳ್ಳು ಹೇಳೋರನ್ನ ಬೇಕಾದಷ್ಟು ನೋಡಿದ್ದೀನಿ," ಎಂದರು ಕೊನೆಗೆ. "ನಿಮಗೆ ಅದು ಬರಲ್ಲ. ನೊಣ ಅಂದ್ರಲ್ಲಾ, ಆ ಮ್ಯಾನೇಜರೂ ನಂಬಿರಲ್ಲ. ಹೋಗಿ, ನಾಳೆ ಕುರ್ಚಿ ಸರಿಸೋಕೆ ಮರೀಬೇಡಿ."

ಶುಕ್ರವಾರ ಔಷಧಿ ಕಂಪನಿಯ ಅಧಿಕಾರಿ ಗೋಡೆಯಗಲದ ಗಾಜಿಗೆ ಬೆನ್ನು ಕೊಟ್ಟು ಕೂತಿದ್ದರು. ಗಾಜಕ್ಕ ಬಾಗಿಲಲ್ಲೇ ನಿಂತಳು. "ಸಾರ್, ಬೆಳಕು ಕಣ್ಣಿಗೆ ಹೊಡೀತಿದೆ. ಕುರ್ಚಿ ಒಂಚೂರು ಈ ಕಡೆ ಹಾಕ್ಕೊಳ್ಳಲಾ?" ಎಂದಳು. ಅವರು ತಾವೇ ಎದ್ದು ಸರಿಸಿಕೊಟ್ಟರು. ಗೋಡೆ ಹಿಂದಿದ್ದ ಮುಖಕ್ಕೆ ಅವಳು ನಿಮಿಷಕ್ಕೆ ನೂರಿಪ್ಪತ್ತು ಎಂದಳು, ಆರು ವರ್ಷ ಎಂದಳು, ಮೂವತ್ತು ಜನ ಎಂದಳು. ಕೈ ಮಲಗಿಯೇ ಇತ್ತು. ಅವರು ಒಂದು ತಟ್ಟೆಯ ತುಂಬ ಬೆರಳುದ್ದದ ಸೀಸೆಗಳನ್ನು ತಂದು ದೀಪದ ಮುಂದಿಟ್ಟರು. ಕೈ ಎದ್ದು ಮೂರನ್ನು ಎತ್ತಿ ಪಕ್ಕಕ್ಕಿಟ್ಟಿತು.

"ಎರಡು ನಾವೇ ಇಟ್ಟಿದ್ದು. ಇದು ಚೆನ್ನಾಗಿದೆಯಲ್ಲಾ?" ಎಂದ ಅಧಿಕಾರಿ ಮೂರನೆಯದನ್ನು ಭೂತಗನ್ನಡಿಯ ಕೆಳಗೆ ಹಿಡಿದರು. ಆಮೇಲೆ ಅದನ್ನೂ ಆ ಎರಡರ ಜೊತೆಗೇ ಇಟ್ಟರು. ಸೋಮವಾರ ಮಧ್ಯಾಹ್ನ ಕೆಲಸದ ಕಾಗದ ಬಂತು.

ಮೇಡಂ ಕೋಣೆ ಮಾತ್ರ ಎರಡು ಬುಧವಾರ ಮುಚ್ಚಿತ್ತು. ಗಾಜಕ್ಕ ಎರಡು ಸಲವೂ ಹತ್ತು ಗಂಟೆಗೆ ಹೋಗಿ, ಬೀಗ ನೋಡಿ, ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು ಬಂದಳು. ಅವಳು ಕೆಲಸಕ್ಕೆ ಸೇರಬೇಕಾದ ಸೋಮವಾರದ ಹಿಂದಿನ ಬುಧವಾರ ಬಾಗಿಲು ತೆರೆದಿತ್ತು. ಮೇಡಂ ಕತ್ತಿಗೆ ಬಿಳಿ ಪಟ್ಟಿ ಸುತ್ತಿಕೊಂಡು, ಗೋಡೆಯ ಮುಂದೆ ಕೂತಿದ್ದರು.

"ರಕ್ತನಾಳ ಕಟ್ಟಿಕೊಂಡಿತ್ತಂತೆ. ಸರಿ ಮಾಡಿದ್ರು," ಎಂದರು. "ನೋವಿಲ್ಲ ಏನಿಲ್ಲ, ಯಾಕೆ ಬಂದ್ರಿ ಅಂತ ಡಾಕ್ಟರ್ ಕೇಳಿದ್ರು. ಒಬ್ರು ನನ್ನ ಬೆಳಕಿಗೆ ಹಿಡಿದು ನೋಡಿದ್ರು ಅಂದೆ. ಅದನ್ನ ಬರ್ಕೊಳ್ಳಲಿಲ್ಲ ಅವರು."

ಇಬ್ಬರೂ ನಕ್ಕರು. ಗಾಜಕ್ಕ ಕಾಗದ ತೋರಿಸಿದಳು. ತಂಗಿ ಫೋನಿನಲ್ಲಿ ಅತ್ತದ್ದು, ಆಮೇಲೆ "ಹಾಗಾದ್ರೆ ಅತ್ತೆ ಹತ್ರ ಯಾರು?" ಎಂದು ಬೈದದ್ದು ಎಲ್ಲ ಹೇಳಿದಳು. ಮೇಡಂ ಕಾಗದವನ್ನು ಎರಡು ಸಲ ಓದಿ, ಅವಳ ತಲೆಯ ಕಡೆ ನೋಡಿದರು.

"ಸೋಮವಾರ ಹೊಸ ಜಾಗ. ಬೈತಲೆ ನೋಡಿ, ಹೊಳೆ ದಿಕ್ಕು ತಪ್ಪಿದ ಹಾಗಿದೆ. ಮನೇಲಿ ಕನ್ನಡಿ ಇಲ್ವಾ?"

"ಇದೆ ಮೇಡಂ."

"ಮತ್ತೆ?"

ಗಾಜಕ್ಕ ಕಾಗದ ವಾಪಸ್ ತೆಗೆದುಕೊಂಡು ಮಡಚಿ ಚೀಲದಲ್ಲಿಟ್ಟಳು. ಮೇಡಂ ನಿಧಾನವಾಗಿ ಎದ್ದು ಮೂಲೆಗೆ ಹೋದರು. "ನೀವು ಮಾಡಿದ್ದಕ್ಕೆ ನಾನೇನು ಕೊಟ್ರೂ ಕಮ್ಮಿ. ಇದನ್ನ ನೀವೇ ಇಟ್ಕೊಳ್ಳಿ. ನಾಳೆ ಯಾರ ಕೈಲಾದ್ರೂ ಕಳಿಸಿಕೊಡ್ತೀನಿ. ಒಳ್ಳೇ ಗಾಜು, ಒಂದು ಗೀರಿಲ್ಲ." ಎಂದು ಕನ್ನಡಿಯ ಮೇಲಿನ ಬಟ್ಟೆಯ ಅಂಚು ಹಿಡಿದರು. ಕಿಟಕಿಯ ಬಿಸಿಲು ಆ ಮೂಲೆಗೇ ಬೀಳುತ್ತಿತ್ತು.

ಗಾಜಕ್ಕ ನೆಲ ನೋಡಿದಳು. ತೊಡೆಯ ಮೇಲಿದ್ದ ಬಲಗೈಯ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು. ಅವಳು ಎಡಗೈಯಿಂದ ಅದನ್ನು ಬಿಗಿಯಾಗಿ ಮುಚ್ಚಿ ಹಿಡಿದುಕೊಂಡಳು.

"ಬೇಡ ಮೇಡಂ," ಎಂದಳು. "ಬೈತಲೆ ಸೊಟ್ಟಗೇ ಇರಲಿ."