ಮುಂಗೋಣೆಯ ದನದ ಡಾಕ್ಟರು

ಮೊನ್ನೆ ನಮ್ಮ ಹಾಲಿನವಳ ಜೊತೆ ರಾಯಚೂರಿನ ದನದ ದವಾಖಾನೆಗೆ ಹೋಗಿದ್ದೆ. ಅವಳ ಎಮ್ಮೆಗೆ ಜ್ವರ. ರಕ್ತ ಪರೀಕ್ಷೆಯ ಚೀಟಿ ಓದಿ ಹೇಳಲು ಅವಳಿಗೊಬ್ಬರು ಬೇಕಾಗಿತ್ತು. ಹೊಸ ಪರೀಕ್ಷಾಲಯದ ಬಾಗಿಲು ತೆರೆದದ್ದೇ ತಡ, ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಒಳಗೆ ಹುಡುಗಿಯೊಬ್ಬಳು ಗಾಜಿನ ಪಟ್ಟಿಯ ಮೇಲೆ ರಕ್ತದ ಹನಿಯನ್ನು ತೆಳ್ಳಗೆ ಸವರುತ್ತಿದ್ದಳು. ಐವತ್ತು ವರ್ಷಗಳ ಹಿಂದೆ ನಮ್ಮ ಮುಂಗೋಣೆಯ ತುಂಬ ಇದೇ ವಾಸನೆ ಇರುತ್ತಿತ್ತು... ನಾನು ಹೊರಗಿನ ಬೆಂಚಿನ ಮೇಲೆ ಕುಳಿತುಬಿಟ್ಟೆ.

ಆಗ ನಿಜಾಮರ ಆಳ್ವಿಕೆ. ನಾನು ಮದುವೆಯಾಗಿ ಆ ಮನೆಗೆ ಬಂದು ವರ್ಷವಾಗಿತ್ತು. ಮುಂಗೋಣೆಯಲ್ಲಿ ಮಾನ್ವಿಯ ಕಡೆಯ ದನದ ಡಾಕ್ಟರೊಬ್ಬರು ಬಾಡಿಗೆಗಿದ್ದರು. ದವಾಖಾನೆಯಲ್ಲಿ ಬೆಳಕು ಸಾಲದೆಂದು ಸೂಕ್ಷ್ಮದರ್ಶಕವನ್ನು ನಮ್ಮ ಕಿಟಕಿಯ ಬಳಿ ಇಟ್ಟುಕೊಂಡಿದ್ದರು. ಸತ್ತ ಕುರಿಯ ರಕ್ತವನ್ನು ಹೈದರಾಬಾದಿಗೆ ಕಳಿಸಿದರೆ ಉತ್ತರ ಬರುವಷ್ಟರಲ್ಲಿ ಹಿಂಡೇ ಮುಗಿದಿರುತ್ತಿತ್ತು. ಹಾಗಾಗಿ ರಾಯಚೂರಿಗೇ ಒಂದು ಪರೀಕ್ಷಾಲಯ ಬೇಕೆಂದು ಅವರು ಅರ್ಜಿಯ ಮೇಲೆ ಅರ್ಜಿ ಬರೆಯುತ್ತಿದ್ದರು. ಆ ಒಂದು ಸೂಕ್ಷ್ಮದರ್ಶಕವನ್ನು ತರಿಸಿಕೊಳ್ಳುವುದರಲ್ಲೇ ಅವರಿಗೆ ಸಾಕುಸಾಕಾಗಿತ್ತಂತೆ. ನಮ್ಮತ್ತೆ ಅದನ್ನು ದುರ್ಬೀನು ಎಂದು ಕರೆದು, ಮಡಿ ಸೀರೆ ಅದಕ್ಕೆ ತಗಲದ ಹಾಗೆ ದೂರದಿಂದ ಸುತ್ತಿಕೊಂಡು ಹೋಗುತ್ತಿದ್ದರು.

ನನಗೆ ಮಾತ್ರ ಅದರೊಳಗೆ ಇಣುಕುವ ಚಪಲ. ಡಾಕ್ಟರು ಬೇಸರವಿಲ್ಲದೆ ತೋರಿಸುತ್ತಿದ್ದರು. ಒಮ್ಮೆ ತಮ್ಮ ಬೆರಳನ್ನೇ ಸೂಜಿಯಿಂದ ಚುಚ್ಚಿ, ಆ ರಕ್ತವನ್ನೂ ಕುರಿಯ ರಕ್ತವನ್ನೂ ಒಂದಾದ ಮೇಲೊಂದು ತೋರಿಸಿದರು.

"ನೋಡು ತಂಗಿ, ರಕ್ತದ ಕಣ ಎರಡೂ ಗುಂಡಗ ಅದಾವ. ಕುರೀವು ಸಣ್ಣವು, ನಮ್ಮವು ದೊಡ್ಡವು. ಅಷ್ಟ ಫರಕು."

ಒಂದು ದಿನ ಬೆಳಿಗ್ಗೆ ಹತ್ತಿರದ ಹಳ್ಳಿ ಕಲ್ಮಲದ ಕುರಿಗಾರನೊಬ್ಬ ಬಂದ. ಅವನ ಹಿಂಡಿನ ದೊಡ್ಡ ಟಗರು ನಿಂತಲ್ಲೇ ಬಿದ್ದು ಸತ್ತಿತ್ತು. ನೆರಡಿ ರೋಗವಿರಬಹುದೆಂದು ಡಾಕ್ಟರಿಗೆ ಅನುಮಾನ. ನೆರಡಿಯಿಂದ ಸತ್ತದ್ದನ್ನು ಸುಲಿದರೆ ಸುಲಿದವನಿಗೇ ರೋಗ ತಗಲುತ್ತದೆ, ಚರ್ಮದ ಸಮೇತ ಆಳವಾಗಿ ಹೂಳಬೇಕು. ಅವರು ಸೈಕಲ್ ಮೇಲೆ ಹೋಗಿ, ಟಗರಿನ ಕಿವಿಯಿಂದ ರಕ್ತ ತೆಗೆದು, ತಾವು ಹೇಳುವವರೆಗೆ ಚಾಕು ಹಚ್ಚಬಾರದೆಂದು ಅವನಿಗೆ ತಾಕೀತು ಮಾಡಿ ಬಂದರು. ರಕ್ತ ಸವರಿದ ಗಾಜನ್ನು ಕಿಟಕಿಯಲ್ಲಿ ಒಣಗಲು ಇಟ್ಟು ದವಾಖಾನೆಗೆ ಹೋದರು.

ಅವತ್ತು ನಮ್ಮ ಮನೆಯಲ್ಲಿ ಮಾವನವರ ಶ್ರಾದ್ಧ. ಬ್ರಾಹ್ಮಣರು ಊಟಕ್ಕೆ ಬರುವ ಹೊತ್ತಿಗೆ ಅತ್ತೆಯ ಕಣ್ಣು ಆ ಗಾಜಿನ ಮೇಲೆ ಬಿತ್ತು. ದೂರದಲ್ಲೇ ನಿಂತು ಕೂಗಿದರು.

"ಶ್ರಾದ್ಧದ ಮನ್ಯಾಗ ರಕ್ತ ಇಟ್ಟಾನಲ್ಲೇ! ಮದ್ಲ ಅದನ್ನ ತೊಳದು ಹಾಕು. ಆಮ್ಯಾಲ ಸ್ನಾನ ಮಾಡಿ ಒಳಗ ಬಾ."

ನಾನು ಬಾವಿಯ ಕಟ್ಟೆಯ ಮೇಲೆ ಕುಳಿತು, ಹುಣಸೆಹಣ್ಣು ಬೂದಿ ಹಚ್ಚಿ ಗಾಜನ್ನು ಥಳಥಳ ತೊಳೆದೆ. ಒರೆಸುವಾಗ ಹೊಳೆಯಿತು, ಡಾಕ್ಟರು ಸಂಜೆ ನೋಡಬೇಕಾಗಿದ್ದ ಟಗರಿನ ರಕ್ತ ಅದೇ. ಡಾಕ್ಟರಿಗೆ ಹೇಳಿದ್ದರೆ ಇನ್ನೊಮ್ಮೆ ಕಲ್ಮಲಕ್ಕೆ ಹೋಗಿ ಬರುತ್ತಿದ್ದರು, ಅಷ್ಟೇ. ಆದರೆ ಅತ್ತೆಗೂ ಅವರಿಗೂ ಮಾತಿಗೆ ಮಾತು ಬೆಳೆದು, ಅವರು ಕೋಣೆ ಬಿಟ್ಟು ಹೋಗಿಬಿಟ್ಟರೆ ಎಂದು ಹೆದರಿದೆ. ಹೊಲಿಗೆಯ ಸೂಜಿ ತಂದು ನನ್ನ ಬೆರಳು ಚುಚ್ಚಿಕೊಂಡೆ. ಅವರು ಮಾಡುತ್ತಿದ್ದಂತೆಯೇ ಗಾಜಿನ ಮೇಲೆ ಸವರಿ, ಇದ್ದಲ್ಲೇ ಇಟ್ಟೆ. ಆಗ ನನ್ನ ತಲೆಯಲ್ಲಿದ್ದದ್ದು ಗಾಜು ಖಾಲಿ ಇರಬಾರದು ಎಂಬುದೊಂದೇ.

ಸಂಜೆ ಬೆಳಕು ಇಳಿಯುತ್ತಿತ್ತು. ಕುರಿಗಾರ ಮನೆಯ ಮುಂದಿನ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕಾಯುತ್ತಿದ್ದ. ಡಾಕ್ಟರು ಗಾಜಿಗೆ ಬಣ್ಣ ಹಾಕಿ, ಒಂದು ಕಣ್ಣು ಮುಚ್ಚಿ, ನೆರಡಿಯ ಕಡ್ಡಿಯಂಥ ಕ್ರಿಮಿಗಳನ್ನು ಹುಡುಕಿದರು.

"ಯಪ್ಪಾ, ಸುಲೀಲೇನ್ರಿ, ಹುಗೀಲೇನ್ರಿ?" ಎಂದು ಅವನು ಕೇಳಿದ.

"ನೆರಡಿ ಇಲ್ಲಪ್ಪ. ಸುಲಿ, ಅಡ್ಡಿಯಿಲ್ಲ" ಎಂದರು ಡಾಕ್ಟರು.

ನಾನು ಬಾಗಿಲ ಹಿಂದೆಯೇ ಇದ್ದೆ. ಅವನು ಕೈಮುಗಿದು, ಚಪ್ಪಲಿ ಮೆಟ್ಟಿ, ಓಣಿಯ ಕೊನೆ ಮುಟ್ಟುವ ತನಕ ಕರೆದು ಹೇಳಲು ನನಗೆ ಸಮಯವಿತ್ತು. ನಾನು ಕೂಗಲಿಲ್ಲ.

ಎರಡು ವಾರದ ಮೇಲೆ ಅವನ ಹೆಂಡತಿ ಬಂದಳು. ಮೊಳಕೈ ಹತ್ತಿರ ಕಪ್ಪು ಹುಣ್ಣೆದ್ದು, ಜ್ವರ ಬಂದು ಗಂಡ ತೀರಿಕೊಂಡಿದ್ದ. ಅವಳು ಬೈಯಲಿಲ್ಲ. "ನೀವು ಸುಲಿ ಅಂದ್ರೆಂತ ಸುಲದಾನ್ರಿ ಯಪ್ಪಾ" ಎಂದಷ್ಟೇ ಹೇಳಿ ಹೋದಳು. ಡಾಕ್ಟರು ಕಾಗದದಲ್ಲಿ ಸುತ್ತಿಟ್ಟಿದ್ದ ಆ ಗಾಜನ್ನು ಮತ್ತೆ ಸೂಕ್ಷ್ಮದರ್ಶಕದಡಿ ಇಟ್ಟರು. ಅದನ್ನೂ ಬೇರೊಂದು ಕುರಿಯ ರಕ್ತದ ಗಾಜನ್ನೂ ಒಂದಾದ ಮೇಲೊಂದು ಬಹಳ ಹೊತ್ತು ನೋಡಿದರು. ಆಮೇಲೆ ತಲೆಯೆತ್ತಿ, ಬಾಗಿಲಲ್ಲಿ ನಿಂತ ನನ್ನನ್ನೂ ನನ್ನ ಬೆರಳುಗಳನ್ನೂ ನೋಡಿದರು.

ತಪ್ಪು ತಮ್ಮದೇ ಎಂದು ಕಚೇರಿಗೆ ಬರೆದುಕೊಟ್ಟರು. ಇಂಥವರ ಕೈಗೆ ಪರೀಕ್ಷೆ ಕೊಟ್ಟರೆ ಹೀಗೇ ಆಗುವುದೆಂದು ಮೇಲಿನವರು ಸೂಕ್ಷ್ಮದರ್ಶಕವನ್ನು ಪೆಟ್ಟಿಗೆಯಲ್ಲಿ ತುಂಬಿಸಿ ತರಿಸಿಕೊಂಡರು. ಅರ್ಜಿಗಳೆಲ್ಲ ಅಲ್ಲಿಗೇ ನಿಂತವು. ಅವರನ್ನು ದೇವದುರ್ಗಕ್ಕೆ ಹಾಕಿದರು. ಹೊರಡುವ ದಿನ ಟ್ರಂಕು ಗಾಡಿಗೇರಿಸಿ, ಅತ್ತೆಗೆ ನಮಸ್ಕಾರ ಹೇಳಿ, ನನ್ನತ್ತ ತಿರುಗಿದರು.

"ಬೆರಳು ಆರಾಮಾತೇನು ತಂಗಿ?"

ನಾನು ತಲೆಯಾಡಿಸಿದೆ. ಗಾಡಿ ಹೋದ ಮೇಲೆ ಒಳಗೆ ಬಂದು ಅಕ್ಕಿ ಆರಿಸಿದೆ. ಅಳು ಬರಲಿಲ್ಲ, ಆಮೇಲೂ ಬರಲಿಲ್ಲ. ಅವರು ಮಾನ್ವಿಯಲ್ಲಿ ತೀರಿಕೊಂಡ ಸುದ್ದಿ ವರ್ಷಗಳ ಮೇಲೆ ಯಾರೋ ಹೇಳಿದರು. ಆಗ ನಾನು ಹಪ್ಪಳ ಒಣಗಿಸುತ್ತಿದ್ದೆನೆಂಬುದು ನೆನಪಿದೆ, ಮತ್ತೇನೂ ನೆನಪಿಲ್ಲ.

ಮೊನ್ನೆ ಆ ಬೆಂಚಿನ ಮೇಲೆ ನನ್ನ ಪಕ್ಕ ಕಲ್ಮಲದ ಮುದುಕನೊಬ್ಬ ಆಡು ಹಿಡಿದು ಕುಳಿತಿದ್ದ. ಈಗಿನವರು ಪರವಾಗಿಲ್ಲ ಎನ್ನುತ್ತ ಮಾತು ತೆಗೆದ.

"ಹಿಂದಕ ಒಬ್ಬ ಡಾಕ್ಟರ ಇದ್ದನ್ರಿ ಯವ್ವಾ. ನೋಡಾಕ ಬರಲಾರದ ನೋಡಿ, ನಮ್ಮೂರ ಕುರಿಗಾರನ್ನ ಕೊಂದ. ಊರಾಗ ಇನ್ನೂ ಅಂತಾರ."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹಾಲಿನವಳ ಸರದಿ ಬಂತು, ಎದ್ದು ಹೋದೆ. ತಿರುಗಿ ಬರುವಾಗ ಮುದುಕ ಅಲ್ಲೇ ಇದ್ದ, ನಾನು ಅವನ ಮುಂದೆಯೇ ಹಾದು ಬಂದೆ. ಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಆ ಡಾಕ್ಟರಿಗೆ ನೋಡಲು ಬರುತ್ತಿತ್ತು. ಅವರು ನೋಡಿದ್ದು ನನ್ನ ರಕ್ತ.